ಪಹಣಿ ತಮ್ಮನ ಹೆಸರಲ್ಲಿದೆ, 1989ರಲ್ಲಿ ಮದುವೆಯಾದ ಅಕ್ಕನಿಗೆ ಪಾಲು ಇಲ್ಲವೇ?

ಜೋಳದ ತೆನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ತವರು ಹಾವೇರಿ ಜಿಲ್ಲೆ. ಅಪ್ಪ 2001ರಲ್ಲಿ ತೀರಿಕೊಂಡರು. ಒಟ್ಟು 6 ಎಕರೆ ಜಮೀನು. ಅದರಲ್ಲಿ 4 ಎಕರೆ ತಾತನ ಕಾಲದ್ದು, 2 ಎಕರೆ ಅಪ್ಪ ಸ್ವಂತ ದುಡ್ಡಲ್ಲಿ 1986ರಲ್ಲಿ ಕ್ರಯಕ್ಕೆ ತಗೊಂಡಿದ್ದು. ನಾವು ಮೂವರು ಮಕ್ಕಳು. ಅಕ್ಕನ ಮದುವೆ 1989ರಲ್ಲಿ ಆಯಿತು, ನನ್ನದು 1997ರಲ್ಲಿ. ತಮ್ಮ ಊರಲ್ಲೇ ಇದ್ದಾನೆ, ಅಮ್ಮ ಅವನ ಜೊತೆ ಇದ್ದಾರೆ.

ಅಪ್ಪ ಹೋದ ಮರುವರ್ಷ ತಮ್ಮ ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಿಕೊಂಡ. ಆಗ ಕೊಟ್ಟ ವಂಶವೃಕ್ಷದಲ್ಲಿ ಅಮ್ಮ ಮತ್ತು ಅವನ ಹೆಸರು ಮಾತ್ರ ಇದೆ ಅಂತ ಈಗ ಗೊತ್ತಾಗಿದೆ. ಇಷ್ಟು ವರ್ಷ ನಾವು ಕೇಳಿಯೂ ಇರಲಿಲ್ಲ, ಸುಗ್ಗಿ ಮುಗಿದ ಮೇಲೆ ಇಬ್ಬರ ಮನೆಗೂ ಒಂದೊಂದು ಚೀಲ ಜೋಳ ಕಳಿಸುತ್ತಿದ್ದ. ಈಗ ರಸ್ತೆ ಪಕ್ಕದ 2 ಎಕರೆ ಮಾರುವ ಮಾತುಕತೆ ನಡೆದಿದೆಯಂತೆ. ಕೇಳಿದರೆ "1994ಕ್ಕಿಂತ ಮುಂಚೆ ಮದುವೆಯಾದವರಿಗೆ ಕಾನೂನಲ್ಲೇ ಪಾಲಿಲ್ಲ, ಅಪ್ಪ 2005ಕ್ಕಿಂತ ಮುಂಚೆ ತೀರಿಕೊಂಡಿದ್ದರಿಂದ ನಿನಗೂ ಇಲ್ಲ, ಪಹಣಿ ನನ್ನ ಹೆಸರಲ್ಲಿದೆ, 20 ವರ್ಷ ದಾಟಿದೆ" ಅಂತಾನೆ. ಅವನ ಹತ್ತಿರ 50 ರೂಪಾಯಿ ಸ್ಟಾಂಪ್ ಪೇಪರ್ ಕೂಡ ಒಂದಿದೆ, "ನಮಗೆ ಆಸ್ತಿ ಬೇಡ" ಅಂತ ಬರೆದು ನಮ್ಮಿಬ್ಬರ ಸಹಿ ಇದೆ ಅಂತಾನೆ. ಅಕ್ಕನ ಸಹಿ ಹೌದು. ನಾನು ಸಹಿ ಹಾಕಿದ ನೆನಪೇ ಇಲ್ಲ.

ತಾಲ್ಲೂಕು ಕಚೇರಿಗೆ ಹೋದರೆ ಕೋರ್ಟಿಗೆ ಹೋಗಿ ಅಂದರು. ಠಾಣೆಗೆ ಹೋದರೆ ಇದು ಸಿವಿಲ್ ವಿಷಯ ಅಂದರು. ಒಬ್ಬೊಬ್ಬರು ಒಂದೊಂದು ಕಾಯ್ದೆ ಹೆಸರು ಹೇಳುತ್ತಾರೆ. ಯಾವುದು ನಮಗೆ ಅನ್ವಯಿಸುತ್ತೆ? ದಯವಿಟ್ಟು ತಿಳಿದವರು ಹೇಳಿ.

ಹಳೇ ದಫ್ತರು:

ಮೇಡಂ, ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಖಾತೆ ವಿಷಯ ಮಾತ್ರ ಹೇಳುತ್ತೇನೆ, ಪಾಲಿನ ಲೆಕ್ಕ ವಕೀಲರು ಹೇಳಲಿ.

ಪಹಣಿ ಇರುವುದು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕೆಳಗೆ. ಆ ಕಾಯ್ದೆಯ ಕೆಲಸ ಸರ್ಕಾರಕ್ಕೆ ಕಂದಾಯ ಯಾರು ಕಟ್ಟಬೇಕು, ಜಮೀನು ಯಾರ ಅನುಭವದಲ್ಲಿದೆ ಅಂತ ದಾಖಲೆ ಇಡುವುದು. ಮಾಲೀಕ ಯಾರು ಅಂತ ತೀರ್ಮಾನಿಸುವ ಅಧಿಕಾರವನ್ನು ಅದು ತಹಶೀಲ್ದಾರರಿಗೆ ಕೊಟ್ಟೇ ಇಲ್ಲ. 133ನೇ ಕಲಂ ಪ್ರಕಾರ ಪಹಣಿಯಲ್ಲಿರುವುದನ್ನು ನಿಜ ಅಂತ ಭಾವಿಸಬೇಕು, ಆದರೆ ಬೇರೆ ರೀತಿ ಸಾಬೀತಾಗುವ ತನಕ ಮಾತ್ರ. 135ನೇ ಕಲಮಿನಲ್ಲಿ, ನಮೂದಿನಿಂದ ಹಕ್ಕಿಗೆ ಧಕ್ಕೆಯಾದವರು ಸಿವಿಲ್ ಕೋರ್ಟಿನಲ್ಲಿ ಘೋಷಣೆ ಕೇಳಬಹುದು, ಆ ತೀರ್ಪಿನಂತೆ ಪಹಣಿ ತಿದ್ದಬೇಕು ಅಂತ ಸ್ಪಷ್ಟವಾಗಿದೆ. ಹಾಗಾಗಿ ಕಚೇರಿಯವರು ಕೋರ್ಟಿಗೆ ಹೋಗಿ ಅಂದಿದ್ದು ನಿಮ್ಮನ್ನು ಸಾಗಹಾಕಲು ಅಲ್ಲ, ಅವರ ಕೈಯಲ್ಲಿ ನಿಜವಾಗಲೂ ಇಲ್ಲ.

ಹಳೇ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು, ಬಹಳ ಜನ ಮೊದಲು ಅಲ್ಲಿಗೇ ಓಡುತ್ತಾರೆ. ಇಷ್ಟು ವರ್ಷ ತಡವಾದ ಮೇಲೆ ಅದರಲ್ಲಿ ಕಾಲ ಕಳೆಯಬೇಡಿ. ಗೆದ್ದರೂ ಪಹಣಿಯ 9ನೇ ಕಾಲಂನಲ್ಲಿ ಹೆಸರು ಬರುತ್ತೆ, ಪಾಲು ಬರಲ್ಲ. ಈಗ ಮಾಡಬೇಕಾದ್ದು ಇಷ್ಟೇ. 2002ರ ಆ ಮ್ಯುಟೇಷನ್ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅರ್ಜಿ, ವಂಶವೃಕ್ಷ, ಪಂಚನಾಮೆ, ನೋಟಿಸ್, ಯಾರ್ಯಾರ ಸಹಿ, ಎಲ್ಲ ಅದರಲ್ಲೇ ಇರಬೇಕು. ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದು ನಿಮ್ಮ ಬಾಯಿಮಾತಲ್ಲ, ಸರ್ಕಾರಿ ದಾಖಲೆಯಲ್ಲೇ ಇದೆ ಅಂತ ಆ ಕಡತ ತೋರಿಸುತ್ತೆ. 1986ರ ಕ್ರಯಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ, ಋಣಭಾರ ಪತ್ರವನ್ನೂ ತೆಗೆಸಿ.

ಸಿವಿಲ್ ದಾವೆ:

ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ನಿಮ್ಮ ತಮ್ಮ ಹೇಳಿದ್ದರಲ್ಲಿ ಪ್ರತಿಯೊಂದು ಮಾತಿಗೂ ಹಿಂದೆ ಒಂದು ಕಾಯ್ದೆಯ ಚೂರು ಇದೆ. ಆದರೆ ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದಾರೆ. ಒಂದೊಂದಾಗಿ ನೋಡೋಣ.

ಮೊದಲು ಅಪ್ಪ ಕೊಂಡ 2 ಎಕರೆ. ಇದಕ್ಕೆ 1994, 2005 ಯಾವುದೂ ಬೇಕಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 8ನೇ ಕಲಂ ಸಾಕು. ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿ ಹೆಂಡತಿ, ಮಗ, ಮಗಳು, ತಾಯಿ ಇದ್ದರೆ ತಾಯಿ, ಇವರಿಗೆಲ್ಲ ಸಮ. ಮಗಳ ಮದುವೆ ಯಾವಾಗ ಆಯಿತು ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ, 1956ರಿಂದಲೂ ಬಂದಿಲ್ಲ. ಅಜ್ಜಿ ಆಗ ಬದುಕಿರಲಿಲ್ಲ ಅಂತ ಇಟ್ಟುಕೊಂಡರೆ 80 ಗುಂಟೆ (ಎಕರೆಗೆ 40 ಗುಂಟೆ) ನಾಲ್ವರಿಗೆ, ತಲಾ 20 ಗುಂಟೆ.

ಇನ್ನು ತಾತನ ಕಾಲದ 4 ಎಕರೆ. 1994ರ ಮಾತು ಬಂದಿದ್ದು ಇಲ್ಲಿಂದ. ನಮ್ಮ ರಾಜ್ಯ ಆ ಕಾಯ್ದೆಗೆ 6ಎ ಕಲಂ ಸೇರಿಸಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಜಾರಿಗೆ ಬಂದಿದ್ದು 1994ರ ಜುಲೈ 30. ಅದಕ್ಕಿಂತ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. ಇವತ್ತಿಗೂ ಹಳ್ಳಿ ಪಂಚಾಯಿತಿ ಕಟ್ಟೆಯಲ್ಲಿ ಓಡಾಡುವ ಕಾನೂನು ಇದೇ, ಆದರೆ ಈಗ ನಡೆಯುವುದು ಇದಲ್ಲ. ಅದೇ ಕಾಯ್ದೆಯ 6ನೇ ಕಲಮಿಗೆ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಬಂತು, ಅದರಲ್ಲಿ ಮದುವೆಯ ಷರತ್ತಿಲ್ಲ. ಅಕ್ಕನಿಗೂ ಹಕ್ಕು ಬಂತು.

ಅಪ್ಪ 2005ರಲ್ಲಿ ಬದುಕಿರಬೇಕಿತ್ತು ಅನ್ನುವ ವಾದಕ್ಕೂ ಮೂಲ ಇದೆ. 2015ರಲ್ಲಿ ಸುಪ್ರೀಂ ಕೋರ್ಟ್ ಫೂಲವತಿ ಪ್ರಕರಣದಲ್ಲಿ ಹಾಗೇ ಹೇಳಿತ್ತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, ಅದೂ ನಮ್ಮ ಕರ್ನಾಟಕದ್ದೇ, ತಂದೆ ನಿಮ್ಮ ತಂದೆಯಂತೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡು ತೀರ್ಪು ಎರಡು ದಿಕ್ಕಿಗೆ ಎಳೆದು ಕೆಳಗಿನ ಕೋರ್ಟುಗಳಲ್ಲಿ ಎಷ್ಟೋ ದಾವೆಗಳು ಒದ್ದಾಡಿದವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ತಂದೆ ಇದ್ದರೇ ಇಲ್ಲವೇ ಅನ್ನುವುದು ಲೆಕ್ಕಕ್ಕಿಲ್ಲ. ನಿಮ್ಮ ತಮ್ಮನಿಗೆ ಯಾರೋ 2015ರ ತೀರ್ಪು ಹೇಳಿ, 2020ರದ್ದನ್ನು ಹೇಳಿಲ್ಲ.

ಲೆಕ್ಕ ಸಾಮಾನ್ಯವಾಗಿ ಹೀಗೆ ಬರುತ್ತೆ. 160 ಗುಂಟೆಯನ್ನು ಅಪ್ಪ ಮತ್ತು ಮೂವರು ಮಕ್ಕಳಿಗೆ ತಲಾ 40 ಅಂತ ಹಂಚಿ, ಅಪ್ಪನ 40ನ್ನು ಮತ್ತೆ ಅಮ್ಮ ಮತ್ತು ಮೂವರಿಗೆ ಹತ್ತತ್ತು. ಅಂದರೆ ಮಕ್ಕಳಿಗೆ ತಲಾ 50, ಅಮ್ಮನಿಗೆ 10. ಕೊಂಡ ಜಮೀನಿನ 20 ಸೇರಿಸಿದರೆ ನಿಮಗೆ 1 ಎಕರೆ 30 ಗುಂಟೆ, ಅಕ್ಕನಿಗೂ ಅಷ್ಟೇ, ತಮ್ಮನಿಗೂ ಅಷ್ಟೇ, ಅಮ್ಮನಿಗೆ 30 ಗುಂಟೆ. ಪಹಣಿ 6 ಎಕರೆಗೂ ತಮ್ಮನ ಹೆಸರಲ್ಲಿದೆ, ಕಾನೂನಿನಲ್ಲಿ ಅವರದ್ದು ಇಷ್ಟು.

ಒಂದು ವಿಷಯ ವಿಚಾರಿಸಿ ನೋಡಿ. ಆ 4 ಎಕರೆ ತಾತನ ಸ್ವಂತ ಸಂಪಾದನೆಯಾಗಿದ್ದು, ಅವರು 1956ರ ಕಾಯ್ದೆ ಬಂದ ಮೇಲೆ ತೀರಿಕೊಂಡಿದ್ದರೆ ಅದು ನಿಮ್ಮ ಅಪ್ಪನಿಗೆ ಸ್ವಂತ ಆಸ್ತಿಯಾಗಿ ಬಂದಿದೆ. ಆಗ 6ನೇ ಕಲಂ ಬಿಟ್ಟು ಮತ್ತೆ 8ನೇ ಕಲಮಿಗೆ ಬರುತ್ತೇವೆ, ನಾಲ್ವರಿಗೂ ತಲಾ 40 ಗುಂಟೆ. ಪಿತ್ರಾರ್ಜಿತ ಅಂದರೂ ಪಾಲಿದೆ, ಅಲ್ಲ ಅಂದರೂ ಪಾಲಿದೆ. ಈ ಎರಡೂ ದಾರಿಯಲ್ಲಿ ಹೆಣ್ಣುಮಕ್ಕಳಿಗೆ ಸೊನ್ನೆ ಬರುವ ಲೆಕ್ಕವೇ ಇಲ್ಲ, ಅದನ್ನು ಅಕ್ಕನಿಗೆ ಸರಿಯಾಗಿ ಹೇಳಿ. ಆದರೆ ದಾವೆ ಹೂಡುವಾಗ ಯಾವ ಲೆಕ್ಕ ಅನ್ನುವುದು ಮುಖ್ಯ.

ಜೋಳದ ತೆನೆ:

ಸರ್, ಓದಿ ಅಕ್ಕನಿಗೂ ಓದಿ ಹೇಳಿದೆ. ಇಷ್ಟು ವರ್ಷ ತನಗೆ ಏನೂ ಇಲ್ಲ ಅಂತಲೇ ನಂಬಿದ್ದಳು. ಆ ಸ್ಟಾಂಪ್ ಪೇಪರ್ ಮತ್ತು 20 ವರ್ಷದ ಮಾತು ಏನಾಗುತ್ತೆ? ಮಾರಾಟ ಮುಂದಿನ ತಿಂಗಳೇ ಅಂತಿದ್ದಾರೆ.

ಸಿವಿಲ್ ದಾವೆ:

ಸ್ಟಾಂಪ್ ಪೇಪರಿಗೆ ಉತ್ತರಾಧಿಕಾರ ಕಾಯ್ದೆಯಲ್ಲಿ ಉತ್ತರ ಹುಡುಕಬೇಡಿ, ನೋಂದಣಿ ಕಾಯ್ದೆ 1908 ತೆಗೆಯಿರಿ. ಜಮೀನಿನ ಹಕ್ಕು ಬಿಟ್ಟುಕೊಡುವ ಪತ್ರ 17ನೇ ಕಲಂ ಪ್ರಕಾರ ನೋಂದಣಿ ಆಗಲೇಬೇಕು. ಆಗದಿದ್ದರೆ 49ನೇ ಕಲಂ ಪ್ರಕಾರ ಆ ಪತ್ರದಿಂದ ಹಕ್ಕು ಹೋಗುವುದಿಲ್ಲ. ಅಕ್ಕ ಸಹಿ ಹಾಕಿದ್ದು ನಿಜವಾದರೂ ಹೋಗುವುದಿಲ್ಲ. ಎದುರು ವಕೀಲರು ಸುಮ್ನೆ ಕೂರಲ್ಲ, "ಮೊದಲೇ ಬಾಯಿಮಾತಲ್ಲಿ ವಿಭಾಗ ಆಗಿತ್ತು, ಇದು ಅದರ ನೆನಪಿನ ಪಟ್ಟಿ ಅಷ್ಟೇ" ಅಂತಾರೆ. ಅಂಥ ಪಟ್ಟಿಗೆ ನೋಂದಣಿ ಬೇಡ ಅನ್ನುವುದೂ ನಿಜ. ಆದರೆ 2005ರ ತಿದ್ದುಪಡಿ ವಿಭಾಗ ಅಂದರೆ ನೋಂದಾಯಿತ ಪತ್ರ ಇಲ್ಲವೇ ಕೋರ್ಟಿನ ಡಿಕ್ರಿ ಅಂತ ಹೇಳಿದೆ. ಬಾಯಿಮಾತಿನ ವಿಭಾಗವನ್ನು ಸರ್ಕಾರಿ ದಾಖಲೆಗಳ ಬೆಂಬಲ ಇರುವ ಅಪರೂಪದ ಸಂದರ್ಭ ಬಿಟ್ಟು ಒಪ್ಪಬಾರದು ಅಂತ 2020ರ ತೀರ್ಪಿನಲ್ಲೂ ಇದೆ.

ಕಾಲಮಿತಿಗೆ ಇನ್ನೊಂದು ಕಾಯ್ದೆ, 1963ರದ್ದು. ಕುಟುಂಬದ ಆಸ್ತಿಯಿಂದ ಹೊರಗಿಟ್ಟವರು ಪಾಲು ಕೇಳಲು 12 ವರ್ಷ. ಆದರೆ ಆ 12 ವರ್ಷ ಶುರುವಾಗುವುದು ಅಪ್ಪ ಸತ್ತ ದಿನದಿಂದ ಅಲ್ಲ, ಖಾತೆ ಆದ ದಿನದಿಂದಲೂ ಅಲ್ಲ, ನಿಮ್ಮನ್ನು ಹೊರಗಿಟ್ಟಿದ್ದಾರೆ ಅಂತ ನಿಮಗೆ ಗೊತ್ತಾದ ದಿನದಿಂದ. ಒಬ್ಬ ಪಾಲುದಾರ ಉಳುಮೆ ಮಾಡಿದರೆ ಎಲ್ಲರ ಪರವಾಗಿ ಮಾಡಿದ ಅಂತಲೇ ಕಾನೂನು ನೋಡುತ್ತದೆ. ಪ್ರತಿ ಸುಗ್ಗಿಗೆ ಜೋಳದ ಚೀಲ ಬರುತ್ತಿತ್ತು ಅಂದಿರಲ್ಲ, ಅದು ಇಲ್ಲಿ ದೊಡ್ಡ ಸಾಕ್ಷಿ. ತಂದುಕೊಟ್ಟವರು ಯಾರು, ಯಾವ ಗಾಡಿಯಲ್ಲಿ ಬಂತು, ಅಕ್ಕಪಕ್ಕದವರು ಯಾರು ನೋಡಿದ್ದಾರೆ, ಎಲ್ಲ ಬರೆದಿಡಿ.

ಮಾರಾಟದ ವಿಷಯಕ್ಕೆ ಬೇಗ ಹೋಗಿ. ಉಪನೋಂದಣಾಧಿಕಾರಿಗೆ ತಕರಾರು ಅರ್ಜಿ ಕೊಟ್ಟು ನಿಶ್ಚಿಂತರಾಗಬೇಡಿ, ಮಾಲೀಕತ್ವದ ಜಗಳ ನೋಡುವುದು ಅವರ ಕೆಲಸವಲ್ಲ. ಜಮೀನು ಇರುವ ಊರಿನ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹಾಕಿ, ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ದಾವೆ ನಡೆಯುವಾಗ ಮಾರಿದರೂ ಕೊಂಡವನು ತೀರ್ಪಿಗೆ ತಲೆಬಾಗಬೇಕು, ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಅದನ್ನೇ ಹೇಳುವುದು. ದಾವೆಗೆ ಮುಂಚೆ ಮಾರಿದರೂ ತಮ್ಮನ ಪಾಲು ಎಷ್ಟೋ ಅಷ್ಟೇ ಕೊಂಡವನಿಗೆ ಹೋಗುವುದು, ಆದರೆ ಆಗ ಮೂರನೆಯವರು ಜಮೀನಿಗೆ ಬಂದು ಬೇಲಿ ಹಾಕಿರುತ್ತಾರೆ, ತಾಪತ್ರಯ ಜಾಸ್ತಿ. ಕೊಳ್ಳಲು ಬಂದವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ನೋಟಿಸ್ ಕೊಡಿ. ಎಷ್ಟೋ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ದಾವೆಯಲ್ಲಿ ಎಲ್ಲ ಆಸ್ತಿ ಸೇರಿಸಿ, ಊರಿನ ಮನೆಯನ್ನೂ. ಗಂಡುಮಕ್ಕಳು ಕೇಳುವ ತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಅನ್ನುವ 23ನೇ ಕಲಮನ್ನು 2005ರಲ್ಲೇ ತೆಗೆದುಹಾಕಿದ್ದಾರೆ.

ಬಯಲುಸೀಮೆ:

ಮದುವೆಯಲ್ಲಿ ಬಂಗಾರ, ಖರ್ಚು ಎಲ್ಲ ಕೊಟ್ಟಿರುತ್ತಾರೆ. ಅಪ್ಪನ ಸಾಲ ತೀರಿಸಿದ್ದು, ಬೋರ್ ಹಾಕಿಸಿದ್ದು, ತಾಯಿಯನ್ನು ನೋಡಿಕೊಂಡಿದ್ದು ತಮ್ಮ. ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ವಾ?

ಸಿವಿಲ್ ದಾವೆ:

ಸಾಲಕ್ಕೆ, ಬೋರಿಗೆ ಇದೆ. ಅಪ್ಪನ ಸಾಲ ತೀರಿಸಿದ್ದಕ್ಕೆ ರಸೀದಿ ಇದ್ದರೆ ಲೆಕ್ಕಕ್ಕೆ ತಗೊಳ್ಳಿ ಅಂತ ಕೇಳಬಹುದು. ಬೋರ್ ಇರುವ ಕಡೆಯನ್ನು ತನ್ನ ಪಾಲಿಗೆ ಕೊಡಿ ಅಂತ ಅಂತಿಮ ಡಿಕ್ರಿ, ಅಂದರೆ ಜಮೀನು ಅಳೆದು ಹಂಚುವ ಹಂತದಲ್ಲಿ ಕೇಳಬಹುದು. ಮದುವೆಯ ಬಂಗಾರವನ್ನು ಪಾಲಿನಲ್ಲಿ ಕಳೆಯಿರಿ ಅಂತ ಉತ್ತರಾಧಿಕಾರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ತಾಯಿಯನ್ನು ನೋಡಿಕೊಂಡಿದ್ದಕ್ಕೆ, ತಾಯಿ ಬೇಕಾದರೆ ತನ್ನ ಪಾಲಿನ 30 ಗುಂಟೆಯನ್ನು ಮಗನಿಗೆ ವಿಲ್ ಬರೆಯಬಹುದು, ಅದು ಅವರ ಇಷ್ಟ.

ಠಾಣೆ ಮೆಟ್ಟಿಲು:

ಸಹಿ ನಿಮ್ಮದಲ್ಲ ಅನ್ನುವುದು ಖಚಿತವಾದರೆ ಅದು ಕ್ರಿಮಿನಲ್ ವಿಷಯವೂ ಹೌದು. "ಸಿವಿಲ್" ಅಂದ ಮಾತ್ರಕ್ಕೆ ಮುಗಿಯಲಿಲ್ಲ, ಒಂದೇ ಕಾಗದಕ್ಕೆ ಎರಡೂ ಕಾನೂನು ತಾಗಬಹುದು. ಒಂದು ಗಮನಿಸಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆದರೆ ಅದಕ್ಕಿಂತ ಮುಂಚೆ ನಡೆದ ಕೃತ್ಯಕ್ಕೆ ಹಳೇ ಐಪಿಸಿಯೇ. ಆ ಸ್ಟಾಂಪ್ ಪೇಪರ್ ಅದಕ್ಕಿಂತ ಹಳೆಯದಾದರೆ ಐಪಿಸಿಯ ಫೋರ್ಜರಿ (ನಕಲಿ ಸಹಿ, ದಾಖಲೆ) ಕಲಮುಗಳು. ಆದರೆ "ನೆನಪೇ ಇಲ್ಲ" ಅನ್ನುವುದು ಬೇರೆ, "ನನ್ನದಲ್ಲ" ಅನ್ನುವುದು ಬೇರೆ. ಕಾಗದ ಕಣ್ಣಾರೆ ನೋಡುವ ತನಕ ದೂರು ಬರೆಯಬೇಡಿ. ಮತ್ತೆ, ಕ್ರಿಮಿನಲ್ ಕೇಸಿನಿಂದ ಒಂದು ಗುಂಟೆಯೂ ನಿಮ್ಮ ಹೆಸರಿಗೆ ಬರಲ್ಲ, ಅದಕ್ಕೆ ವಿಭಾಗದ ದಾವೆಯೇ ಬೇಕು.

ಕರಾವಳಿ:

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಮೇಲಿನದೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆಯ ಲೆಕ್ಕ, ಅದು ಜೈನರಿಗೂ ಅನ್ವಯಿಸುತ್ತದೆ. ನಮ್ಮ ಕಡೆ ಅಳಿಯಸಂತಾನದವರಿಗೆ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯವರಿಗೆ) ಅದೇ ಕಾಯ್ದೆಯಲ್ಲಿ ಬೇರೆ ಕಲಮುಗಳಿವೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮುಸ್ಲಿಮರಿಗೆ ಷರಿಯತ್ ನಿಯಮ. ಜಮೀನು ಗೇಣಿಯಿಂದ ಬಂದಿದ್ದರೆ ಭೂ ಸುಧಾರಣೆ ಕಾಯ್ದೆ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದರೆ 1978ರ ಪಿಟಿಸಿಎಲ್ ಕಾಯ್ದೆ, ಅವನ್ನೂ ನೋಡಬೇಕು. ಪಕ್ಕದ ಮನೆಯವರ ತೀರ್ಪು ನಮಗೂ ಆಗುತ್ತೆ ಅಂದುಕೊಳ್ಳಬೇಡಿ.

ಮಲ್ಲಿಗೆ ಬಳ್ಳಿ:

ಅಕ್ಕಾ, ನಾನು ಇದೇ ಥರದ ದಾವೆ ಹಾಕಿ ರಾಜಿಯಲ್ಲಿ ಮುಗಿಸಿದವಳು. ಖರ್ಚಿನ ಹೆದರಿಕೆಗೆ ಸುಮ್ಮನಾಗಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತೆ, ಆಧಾರ್ ಮತ್ತು ಪಹಣಿ ತಗೊಂಡು ಹೋಗಿ.

ಕೋರ್ಟ್ ಶುಲ್ಕದಲ್ಲೂ ಒಂದು ಸೂಕ್ಷ್ಮ ಇದೆ. ಜಮೀನು ಈಗಲೂ ಎಲ್ಲರ ಜಂಟಿ ಸ್ವಾಧೀನದಲ್ಲಿದೆ ಅಂತ ಕೇಳಿದರೆ ಸಣ್ಣ ನಿಗದಿತ ಶುಲ್ಕ, ನಮ್ಮನ್ನು ಹೊರಗೆ ಹಾಕಿದ್ದಾರೆ ಅಂದರೆ ಪಾಲಿನ ಬೆಲೆಯ ಮೇಲೆ ಶುಲ್ಕ. ಸರ್ ಹೇಳಿದ ಜೋಳದ ಚೀಲ ಅಲ್ಲೂ ಕೆಲಸಕ್ಕೆ ಬರುತ್ತೆ.

ನಮ್ಮದು ಲೋಕ ಅದಾಲತ್‌ನಲ್ಲಿ ಮುಗಿಯಿತು. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬಲ. ಆದರೆ ರಾಜಿ ಪತ್ರದಲ್ಲಿ ಸರ್ವೆ ನಂಬರ್, ಗುಂಟೆ, ಚೆಕ್ಕುಬಂದಿ, ಹೊಲಕ್ಕೆ ಹೋಗುವ ದಾರಿ, ಬಾವಿ ನೀರಿನ ಪಾಳಿ ಎಲ್ಲ ಬರೆಸಿದೆವು. ದಾರಿ ಬಿಟ್ಟರೆ ಮುಂದಿನ ವರ್ಷ ಎತ್ತು, ಟ್ರ್ಯಾಕ್ಟರ್ ಹೋಗಲು ಮತ್ತೆ ಜಗಳ. ರಾಜಿ ಇಲ್ಲದೆ ತೀರ್ಪಾದರೆ ಮೊದಲು ಯಾರಿಗೆ ಎಷ್ಟು ಪಾಲು ಅಂತ ಹೇಳುವ ಪ್ರಾಥಮಿಕ ಡಿಕ್ರಿ, ಆಮೇಲೆ ಎಫ್‌ಡಿಪಿ (ಅಂತಿಮ ಡಿಕ್ರಿ ಪ್ರಕ್ರಿಯೆ) ಅಂತ ಬೇರೆ ಅರ್ಜಿ ಹಾಕಿದ ಮೇಲೆಯೇ ಅಳತೆ, ಹದ್ದುಬಸ್ತು. ಪ್ರಾಥಮಿಕ ಡಿಕ್ರಿ ಕೈಗೆ ಬಂದ ದಿನವೇ ಗೆದ್ದೆವು ಅಂತ ಮನೆಯಲ್ಲಿ ಕೂತವರನ್ನು ನೋಡಿದ್ದೇನೆ.

ಜೋಳದ ತೆನೆ:

ಎಲ್ಲರಿಗೂ ಕೈಮುಗಿದು ಧನ್ಯವಾದ. ನಾಳೆ ಅಕ್ಕನೂ ನಾನೂ ಮ್ಯುಟೇಷನ್ ನಕಲಿಗೆ ಅರ್ಜಿ ಹಾಕಿ ಹಾಗೇ ಕಾನೂನು ಸೇವಾ ಸಮಿತಿಗೆ ಹೋಗುತ್ತೇವೆ. ಕೊನೇ ಪ್ರಶ್ನೆ, ಅಮ್ಮನ ಮೇಲೆ ಕೇಸ್ ಹಾಕಿದಂತೆ ಆಗಬಾರದು ಅಂತ ನಮ್ಮಾಸೆ. ಅವರನ್ನು ದಾವೆಯಿಂದ ಬಿಡಬಹುದಾ?

ಸಿವಿಲ್ ದಾವೆ:

ಬಿಡುವ ಹಾಗಿಲ್ಲ, ಅವರೂ ಪಾಲುದಾರರು, ಒಬ್ಬರನ್ನು ಬಿಟ್ಟರೂ ದಾವೆ ಊರ್ಜಿತವಾಗುವುದಿಲ್ಲ. ಅವರು ಒಪ್ಪಿದರೆ ನಿಮ್ಮ ಜೊತೆ ವಾದಿಯಾಗಲಿ. ಒಪ್ಪದಿದ್ದರೆ ಪ್ರತಿವಾದಿ ಅಂತ ಹೆಸರು ಬರುತ್ತೆ, ಆದರೆ ಅವರ 30 ಗುಂಟೆಯನ್ನೂ ಬೇರೆ ಮಾಡಿ ಕೊಡಿ ಅಂತ ನೀವೇ ದಾವೆಯಲ್ಲಿ ಕೇಳಬಹುದು. ನೋಟಿಸ್ ಅಂಚೆಯವರ ಕೈಯಿಂದ ಅವರಿಗೆ ತಲುಪುವ ಮುಂಚೆ ನೀವಿಬ್ಬರೂ ಹೋಗಿ ಪಕ್ಕದಲ್ಲಿ ಕೂತು ಹೇಳಿ ಬನ್ನಿ.