ಒಂದೇ ದ್ವೀಪ, ಎರಡು ದೇಶ: ಹೈಟಿಯ ಬಡತನವನ್ನು ತರಗತಿಯಲ್ಲಿ ಹೇಗೆ ವಿವರಿಸುವುದು?

ಪ್ರಶ್ನೆ: ದಾವಣಗೆರೆಯ ಭೂಗೋಳ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಕಳೆದ ವಾರ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದ ಉಪಗ್ರಹ ಚಿತ್ರವನ್ನು ತರಗತಿಯಲ್ಲಿ ತೋರಿಸಿದೆ. ದ್ವೀಪದ ಪಶ್ಚಿಮದ ಮೂರನೆಯ ಒಂದು ಭಾಗ ಹೈಟಿ, ಉಳಿದದ್ದು ಡೊಮಿನಿಕನ್ ಗಣರಾಜ್ಯ. ಗಡಿಯುದ್ದಕ್ಕೂ ಹಲವು ಕಡೆ ಪೂರ್ವಕ್ಕೆ ಹಸಿರು, ಪಶ್ಚಿಮಕ್ಕೆ ಬೋಳು ಗುಡ್ಡ ಕಾಣುತ್ತದೆ. ಜಗಳೂರು ಕಡೆಯ ಒಬ್ಬ ವಿದ್ಯಾರ್ಥಿನಿ ಅದನ್ನು ನೋಡಿ, "ಮೇಡಂ, ಮಳೆ ಗಡಿಗೆರೆ ನೋಡಿಕೊಂಡು ಬೀಳುತ್ತದೆಯೇ?" ಎಂದು ಕೇಳಿದಳು. ಬರವನ್ನು ಕಂಡು ಬೆಳೆದ ಹುಡುಗಿಯ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ.

2010ರ ಭೂಕಂಪ ಮತ್ತು ಚಂಡಮಾರುತಗಳ ಬಗ್ಗೆ ಹೇಳಿದೆ. ಆದರೆ ಚಂಡಮಾರುತ ಇಡೀ ದ್ವೀಪವನ್ನು ಹಾದು ಹೋಗುತ್ತದೆ. ಹೈಟಿಯ ವಿಸ್ತೀರ್ಣ ಸುಮಾರು 27,750 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಏಳನೆಯ ಒಂದು ಭಾಗ. ಅಲ್ಲಿ ಒಂದು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ನೆರೆಯ ದೇಶದ ತಲಾ ಆದಾಯ ಹೈಟಿಯದರ ಐದು ಪಟ್ಟಿಗೂ ಹೆಚ್ಚು. ಪಠ್ಯಪುಸ್ತಕಗಳು ಭೂಗೋಳ, ಆರ್ಥಿಕತೆ, ಸರ್ಕಾರ ಎಂದು ಮೂರು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಮಾಹಿತಿ ಕೊಟ್ಟು ಮುಗಿಸುತ್ತವೆ. ಈ ಮೂರನ್ನೂ ಹೆಣೆದು ಹೇಳುವ ದಾರಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ಹಿರಿಯೂರಿನಿಂದ, ಕೃಷಿ ಇಲಾಖೆಯ ನಿವೃತ್ತ ನೌಕರ

ಮೇಡಂ, ಮಳೆ ಗಡಿ ನೋಡಿ ಬೀಳುವುದಿಲ್ಲ, ಬೆಟ್ಟ ನೋಡಿ ಬೀಳುತ್ತದೆ. ಹಾಗಾಗಿ ಆ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿ ಅರ್ಧ ಉತ್ತರ ಆಗಲೇ ಇದೆ. ಆ ದ್ವೀಪಕ್ಕೆ ಮಳೆ ತರುವ ವಾಣಿಜ್ಯ ಮಾರುತಗಳು ಈಶಾನ್ಯದಿಂದ ಬೀಸುತ್ತವೆ. ಡೊಮಿನಿಕನ್ ಭಾಗದ ನಡುವೆ 3,000 ಮೀಟರಿಗೂ ಎತ್ತರದ ಪರ್ವತ ಸಾಲಿದೆ. ಗಾಳಿ ತನ್ನ ತೇವದ ಬಹುಪಾಲನ್ನು ಅಲ್ಲೇ ಇಳಿಸಿ ಪಶ್ಚಿಮಕ್ಕೆ ಹಗುರಾಗಿ ಬರುತ್ತದೆ. ಮಲೆನಾಡಿನಲ್ಲಿ ಸುರಿದು ಬರಿದಾದ ಮೋಡ ನಮ್ಮ ಹಿರಿಯೂರು, ಚಳ್ಳಕೆರೆಗಳ ಮೇಲೆ ಗಾಳಿಯಾಗಿ ಹೋಗುವುದನ್ನು ಪ್ರತಿ ಆಷಾಢದಲ್ಲೂ ನೋಡುವವರಿಗೆ ಮಳೆ ನೆರಳಿನ ಪ್ರದೇಶವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೈಟಿಯ ವಾಯವ್ಯ ಭಾಗ ಮತ್ತು ಗೊನೈವ್ ಪಟ್ಟಣದ ಸುತ್ತಲಿನ ಬಯಲು ಅಂಥ ಒಣ ಸೀಮೆಗಳು. ದ್ವೀಪದ ಮೂಲನಿವಾಸಿಗಳಾದ ಟೈನೋ ಜನರು 'ಅಯಿತಿ' ಎಂದು ಕರೆದದ್ದಕ್ಕೆ ಎತ್ತರದ ಬೆಟ್ಟಗಳ ನಾಡು ಎಂಬ ಅರ್ಥವಿದೆ. ಬೆಟ್ಟದ ಹಿಂದೆ ಬೆಟ್ಟವಿದೆ ಎಂಬುದು ಇಂದಿಗೂ ಅಲ್ಲಿನ ಕ್ರಿಯೋಲ್ ಭಾಷೆಯ ಗಾದೆ. ಕೃಷಿಯ ಬಹುಪಾಲು ನಡೆಯುವುದು ಇಳಿಜಾರಿನಲ್ಲಿ. ಬದು ಹಾಕದ ಇಳಿಜಾರಿನ ಮೇಲ್ಮಣ್ಣು ಎರಡು ಬಿರುಮಳೆಗೆ ಹಳ್ಳ ಸೇರುತ್ತದೆ ಎಂಬುದನ್ನು ನಾನು ಮೂವತ್ತು ವರ್ಷ ರೈತರಿಗೆ ಹೇಳಿಕೊಂಡು ಬಂದವನು.

ಮರ ಕಡಿದು ಇದ್ದಿಲು ಸುಟ್ಟದ್ದರಿಂದಲೇ ಹೈಟಿ ಬೋಳಾಯಿತು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದನ್ನು ಹಾಗೆಯೇ ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ. ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಮರದ ತವರಿನಲ್ಲಿ ಕೆರಿಬಿಯನ್ ಪ್ರದೇಶವೂ ಸೇರಿದೆ, ಹೈಟಿಯ ಒಣ ಸೀಮೆಯ ಇದ್ದಿಲಿಗೆ ಮುಖ್ಯವಾಗಿ ಕಡಿಯುವುದು ಅದನ್ನೇ. ಕಡಿದಷ್ಟೂ ಅದು ಬುಡದಿಂದ ಚಿಗುರುತ್ತದೆ ಎಂಬುದು ಮೊಳಕಾಲ್ಮೂರಿನ ಯಾವ ರೈತನಿಗೂ ಗೊತ್ತು. ಬೆಳೆ ಕೈಕೊಟ್ಟ ವರ್ಷ ಬಡ ರೈತನಿಗೆ ನಗದು ತರುವುದು ಈ ಇದ್ದಿಲು, ಅದು ಅವನ ಉಳಿತಾಯ ಖಾತೆ ಇದ್ದ ಹಾಗೆ. ನಗರದಲ್ಲಿ ಅದಕ್ಕೆ ಬೇಡಿಕೆ ಇರುವುದು ಅಡುಗೆಗೆ ಬೇರೆ ಇಂಧನ ಎಟುಕದಿರುವುದರಿಂದ. ಡೊಮಿನಿಕನ್ ಸರ್ಕಾರ ಅಡುಗೆ ಅನಿಲಕ್ಕೆ ದಶಕಗಳ ಹಿಂದೆಯೇ ಸಹಾಯಧನ ಕೊಟ್ಟು ತನ್ನ ಕಾಡಿನ ಮೇಲಿನ ಭಾರ ಇಳಿಸಿತು, ಹೈಟಿಯ ಸರ್ಕಾರ ಅಂಥದ್ದೇನನ್ನೂ ಮಾಡಲಾರದೆ ಹೋಯಿತು. ಆದ್ದರಿಂದ ಆ ಚಿತ್ರದ ಹಸಿರು ಗೆರೆಯಲ್ಲಿ ಮಳೆಯಷ್ಟೇ ಆಡಳಿತವೂ ಇದೆ.

ಇನ್ನೊಂದು ಸಂಗತಿ ಸೇರಿಸುತ್ತೇನೆ. ಆರ್ಟಿಬೋನಿಟ್ ನದಿಗೆ 1956ರಲ್ಲಿ ಕಟ್ಟಿ ಮುಗಿಸಿದ ಪೆಲಿಗ್ರ್ ಅಣೆಕಟ್ಟು ದೇಶದ ದೊಡ್ಡ ಜಲವಿದ್ಯುತ್ ಮೂಲ. ಬೆಟ್ಟದಿಂದ ಕೊಚ್ಚಿ ಬಂದ ಮಣ್ಣು ಅದರ ಒಡಲನ್ನು ತುಂಬುತ್ತಲೇ ಇದೆ. 133 ಟಿಎಂಸಿ ಅಡಿಗೆಂದು ಕಟ್ಟಿದ ನಮ್ಮ ತುಂಗಭದ್ರಾ ಜಲಾಶಯ ಹೂಳಿನಿಂದ 105ರ ಆಸುಪಾಸಿಗೆ ಇಳಿದಿರುವುದನ್ನು ಹೇಳಿದರೆ ವಿದ್ಯಾರ್ಥಿಗಳಿಗೆ ಇದು ತಟ್ಟನೆ ತಿಳಿಯುತ್ತದೆ.

ಉತ್ತರ: ಹರಿಹರದಿಂದ, ಅಕ್ಕಿ ವ್ಯಾಪಾರಿ

ಹಿರಿಯೂರಿನ ಹಿರಿಯರು ಆರ್ಟಿಬೋನಿಟ್ ಹೆಸರು ಎತ್ತಿದ್ದರಿಂದ ನಾನು ಬರೆಯಲೇಬೇಕಾಯಿತು. ಆ ನದಿಯ ಕಣಿವೆ ಹೈಟಿಯ ಅಕ್ಕಿಯ ಕಣಜ. ಭದ್ರಾ ಅಚ್ಚುಕಟ್ಟಿಗೆ ನಾಲೆ ನೀರು ಬಿಡುವ ದಿನಾಂಕದ ಮೇಲೆ ನಮ್ಮ ಭಾಗದ ಗಿರಣಿಗಳ ವರ್ಷ ನಿರ್ಧಾರವಾಗುವ ಹಾಗೆ, ಆ ಕಣಿವೆಯ ಭತ್ತದ ಮೇಲೆ ಆ ದೇಶದ ಊಟ ನಿಂತಿತ್ತು. 1980ರ ದಶಕದ ಆರಂಭದವರೆಗೂ ಹೈಟಿ ತಾನು ಉಣ್ಣುವ ಅಕ್ಕಿಯ ಬಹುಪಾಲನ್ನು ತಾನೇ ಬೆಳೆದುಕೊಳ್ಳುತ್ತಿತ್ತು. 1986ರಲ್ಲಿ ಡುವಾಲಿಯರ್ ಮನೆತನದ ಸರ್ವಾಧಿಕಾರ ಬಿದ್ದ ಮೇಲೆ ಸಾಲ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳ ಮತ್ತು ಅಮೆರಿಕದ ಒತ್ತಾಯಕ್ಕೆ ಮಾರುಕಟ್ಟೆಯ ಬಾಗಿಲು ತೆರೆಯತೊಡಗಿತು, 1995ರಲ್ಲಿ ಅಕ್ಕಿಯ ಆಮದು ಸುಂಕ ಶೇಕಡಾ 3ಕ್ಕೆ ಇಳಿಯಿತು.

ಅಮೆರಿಕದ ಅಕ್ಕಿ ಅಲ್ಲಿನ ಸರ್ಕಾರದ ನೆರವಿನಿಂದ ಬೆಳೆದ ಅಕ್ಕಿ. ಯಂತ್ರದಲ್ಲಿ ಬಿತ್ತನೆ, ಯಂತ್ರದಲ್ಲಿ ಕೊಯ್ಲು, ಹಡಗಿನಲ್ಲಿ ರಾಶಿ. ಅರ್ಧ ಎಕರೆ, ಒಂದು ಎಕರೆಯಲ್ಲಿ ಕೈನಾಟಿ ಮಾಡುವ ಆರ್ಟಿಬೋನಿಟ್‌ನ ರೈತ ಅದರ ಬೆಲೆಯ ಎದುರು ಎಷ್ಟು ದಿನ ನಿಲ್ಲಬಲ್ಲ? ಅಲ್ಲಿನ ಜನ ಈ ಅಕ್ಕಿಗೆ 'ಮಯಾಮಿ ಅಕ್ಕಿ' ಎಂದೇ ಹೆಸರಿಟ್ಟರು. ಇಂದು ದೇಶ ತಿನ್ನುವ ಅಕ್ಕಿಯ ಬಹುಪಾಲು ಹೊರಗಿನದು. ಆ ನೀತಿಯ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರು 2010ರಲ್ಲಿ ತಮ್ಮ ದೇಶದ ಸೆನೆಟ್ ಸಮಿತಿಯೊಂದರ ಮುಂದೆ, ಅದು ತಮ್ಮ ರಾಜ್ಯವಾದ ಅರ್ಕಾನ್ಸಾಸ್‌ನ ಕೆಲವು ರೈತರಿಗೆ ಒಳ್ಳೆಯದಾಗಿರಬಹುದಾದರೂ ಹೈಟಿಯ ಮಟ್ಟಿಗೆ ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನವೇ ಸರಿ, ಆದರೆ ಹೊಲ ಬಿಟ್ಟು ಹೋದವನು ಅದರಿಂದ ಹಿಂತಿರುಗಲಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಅಡಿಕೆಯಿಂದ ವಿವರಿಸಿ, ಮೇಡಂ. ಹೊರದೇಶದ ಅಡಿಕೆ ಅಗ್ಗಕ್ಕೆ ನುಗ್ಗದಂತೆ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದೆ. 2023ರಲ್ಲಿ ಅದನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಆ ತಡೆಯನ್ನು ನಾಳೆ ಬೆಳಿಗ್ಗೆ ತೆಗೆದರೆ ಚನ್ನಗಿರಿಯ ತೋಟಗಳ ಗತಿ ಏನಾದೀತೆಂದು ಕೇಳಿ, ಉತ್ತರ ಅವರ ಮನೆಯಿಂದಲೇ ಬರುತ್ತದೆ. ನಮ್ಮ ಬೆಳೆಗಾರರಿಗೆ ಸಂಸದರಿದ್ದಾರೆ, ಸಹಕಾರ ಸಂಘಗಳಿವೆ, ದೆಹಲಿಗೆ ನಿಯೋಗ ಒಯ್ಯುವ ಶಕ್ತಿ ಇದೆ. ಹೈಟಿಯ ಭತ್ತದ ರೈತನ ಪರವಾಗಿ ಮೇಜಿನ ಈ ಬದಿಯಲ್ಲಿ ಕುಳಿತು ಮಾತಾಡುವ ಗಟ್ಟಿ ಸರ್ಕಾರವೇ ಇರಲಿಲ್ಲ.

ಹೊಲ ಬಿಟ್ಟವರು ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ಸೇರಿದರು. ಅಲ್ಲಿ ಸಿದ್ಧ ಉಡುಪು ಹೊಲಿಯುವ ಕಾರ್ಖಾನೆಗಳಿವೆ. ದೇಶದ ರಫ್ತಿನ ಬಹುಪಾಲು ಅಮೆರಿಕಕ್ಕೆ ಹೋಗುವ ಅಂಥ ಬಟ್ಟೆಯೇ. ಆ ಕೆಲಸ ಬಂದವರೆಲ್ಲರಿಗೂ ಸಾಲಲಿಲ್ಲ, ಮತ್ತು ಅಮೆರಿಕದ ಸುಂಕ ವಿನಾಯಿತಿಯ ಕಾನೂನು ಇರುವವರೆಗೆ ಮಾತ್ರ ಅದಕ್ಕೆ ಬಲ. ಗಿರಣಿ ನಂಬಿದ ಊರಿನ ಕಷ್ಟವನ್ನು ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯವರಿಗೆ ನಾನು ಹೇಳಬೇಕಿಲ್ಲ. ಬೆಟ್ಟದ ಓರೆಯಲ್ಲಿ ಕಬ್ಬಿಣ ಕಡಿಮೆ ಹಾಕಿ ಕಟ್ಟಿದ ಕಾಂಕ್ರೀಟು ಮನೆಗಳಲ್ಲಿ ಜನ ಒತ್ತೊತ್ತಾಗಿ ನೆಲೆಸಿದರು. 2010ರ ಜನವರಿ 12ರಂದು 7.0 ತೀವ್ರತೆಯ ಭೂಕಂಪ ರಾಜಧಾನಿಯ ಪಕ್ಕದಲ್ಲೇ ಆದಾಗ ಸತ್ತವರ ಎಣಿಕೆ ಹಲವು ಅಂದಾಜುಗಳಲ್ಲಿ ಲಕ್ಷ ದಾಟಿತು. ಮರುತಿಂಗಳೇ ಚಿಲಿ ದೇಶದಲ್ಲಿ 8.8 ತೀವ್ರತೆಯ ಕಂಪನವಾಯಿತು, ಅಲ್ಲಿ ತೀರಿಕೊಂಡವರು ಐನೂರರ ಆಸುಪಾಸು. ನೆಲ ನಡುಗಿದ್ದು ಪ್ರಕೃತಿಯಿಂದ, ಆದರೆ ಅಷ್ಟು ಜನ ಅಂಥ ಮನೆಗಳ ಕೆಳಗೆ ಇದ್ದದ್ದಕ್ಕೆ ಅಕ್ಕಿಯ ಸುಂಕವೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಆದರೆ ಒಂದು ಸಂದೇಹ ಉಳಿಯಿತು. ಸಹಾಯಧನ ಕೊಡಲಾರದ, ಸುಂಕ ಉಳಿಸಿಕೊಳ್ಳಲಾರದ ಆ ದುರ್ಬಲ ಸರ್ಕಾರ ಎಲ್ಲಿಂದ ಬಂತು? 1804ರಲ್ಲಿ ಗುಲಾಮರೇ ಬಂಡೆದ್ದು ಸ್ವತಂತ್ರಗೊಳಿಸಿಕೊಂಡ ದೇಶ ಅದು. ಅಂಥ ಜನರಿಗೆ ಕರ್ತೃತ್ವ ಇರಲಿಲ್ಲವೆಂದು ವಿದ್ಯಾರ್ಥಿಗಳು ತಿಳಿಯಬಾರದು.

ಉತ್ತರ: ಚಿತ್ರದುರ್ಗದಿಂದ, ರಾಜ್ಯಶಾಸ್ತ್ರ ಅಧ್ಯಾಪಕ

ಈ ಪ್ರಶ್ನೆಗೆ ಸಾಲದ ಲೆಕ್ಕದಿಂದಲೇ ಉತ್ತರ ಶುರುವಾಗಬೇಕು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೆಯ ಷಾರ್ಲ್ ಯುದ್ಧನೌಕೆಗಳನ್ನು ಕಳುಹಿಸಿ, ಹೈಟಿಯ ಸ್ವಾತಂತ್ರ್ಯವನ್ನು ಮಾನ್ಯ ಮಾಡಬೇಕಾದರೆ ಫ್ರೆಂಚ್ ಜಮೀನುದಾರರು ಕಳೆದುಕೊಂಡ ಆಸ್ತಿಗೆ ಪರಿಹಾರವಾಗಿ 15 ಕೋಟಿ ಫ್ರಾಂಕ್ ಕೊಡಬೇಕೆಂದು ಆಜ್ಞೆ ಮಾಡಿದ. ಆ ಆಸ್ತಿಯ ಲೆಕ್ಕದಲ್ಲಿ ಬಿಡುಗಡೆಯಾದ ಗುಲಾಮರೂ ಸೇರಿದ್ದರು, ಎಂದರೆ ಅವರು ತಮ್ಮ ಮೈಯ ಬೆಲೆಯನ್ನು ತಾವೇ ತೆರಬೇಕಾಯಿತು. ಮೊತ್ತದ ಭಾರ ತಿಳಿಯಲು ಒಂದು ಹೋಲಿಕೆ ಸಾಕು: ಅದಕ್ಕೆ ಇಪ್ಪತ್ತೆರಡು ವರ್ಷ ಮೊದಲು ಹೈಟಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಲೂಯಿಸಿಯಾನ ಪ್ರಾಂತ್ಯವನ್ನು ಫ್ರಾನ್ಸ್ ಅಮೆರಿಕಕ್ಕೆ ಮಾರಿದ್ದು ಸುಮಾರು 8 ಕೋಟಿ ಫ್ರಾಂಕಿಗೆ. ಮೊದಲ ಕಂತನ್ನು ಕಟ್ಟಲು ಹೈಟಿ ಫ್ರಾನ್ಸಿನ ಬ್ಯಾಂಕುಗಳಿಂದಲೇ ಬಡ್ಡಿಗೆ ಸಾಲ ತಂದಿತು. 1838ರಲ್ಲಿ ಒಟ್ಟು ಮೊತ್ತ 9 ಕೋಟಿಗೆ ಇಳಿದರೂ, ಇದಕ್ಕಾಗಿ ಮಾಡಿದ ಸಾಲಗಳ ಬಾಲ ತೀರಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಶಾಲೆ, ರಸ್ತೆ, ನಾಲೆಗಳಿಗೆ ಹೋಗಬೇಕಿದ್ದ ಕಾಫಿ ಸುಂಕದ ಹಣ ನೂರಿಪ್ಪತ್ತು ವರ್ಷ ಹಡಗು ಹತ್ತಿತು. ಸಾಹುಕಾರನನ್ನು ನಂಬಿ ಕಾಳು ಸಾಲ ತಂದವನ ಮನೆ ಎಷ್ಟು ತಲೆಮಾರು ಏಳುವುದಿಲ್ಲ ಎಂಬುದನ್ನು ನಮ್ಮ ಬಯಲುಸೀಮೆಯ ಹಳ್ಳಿಗಳು ಬಲ್ಲವು. ಇಲ್ಲಿ ಸಾಲ ಮಾಡಿಸಿದ್ದೂ ಸಾಹುಕಾರನೇ.

1915ರಿಂದ 1934ರವರೆಗೆ ಅಮೆರಿಕದ ಸೇನೆ ದೇಶವನ್ನು ಹಿಡಿದಿಟ್ಟುಕೊಂಡಿತ್ತು. 1957ರಿಂದ 1986ರವರೆಗೆ ಡುವಾಲಿಯರ್ ತಂದೆ ಮತ್ತು ಮಗ ಆಳಿದರು. ಇವುಗಳ ವಿವರಕ್ಕೆ ಹೋಗುವುದಿಲ್ಲ.

1987ರ ಸಂವಿಧಾನ ಓದಲು ಚೆನ್ನಾಗಿಯೇ ಇದೆ. ಜನರು ನೇರವಾಗಿ ಆರಿಸುವ ಅಧ್ಯಕ್ಷರಿಗೆ ಐದು ವರ್ಷದ ಅವಧಿ, ಸತತವಾಗಿ ಎರಡನೆಯ ಅವಧಿ ಇಲ್ಲ. ಸಂಸತ್ತಿನ ಒಪ್ಪಿಗೆ ಪಡೆಯಬೇಕಾದ ಪ್ರಧಾನಮಂತ್ರಿ. ಸೆನೆಟ್ ಮತ್ತು ಪ್ರತಿನಿಧಿ ಸಭೆ. ಇಂದು ಹತ್ತು ಪ್ರಾಂತ್ಯಗಳು, ಅವುಗಳ ಕೆಳಗೆ ಚುನಾಯಿತವಾಗಬೇಕಾದ ಸ್ಥಳೀಯ ಸಂಸ್ಥೆಗಳು. ಮುರಿದುಬಿದ್ದದ್ದು ಚುನಾವಣೆಯ ಸರಪಳಿ. ಸಕಾಲಕ್ಕೆ ಚುನಾವಣೆ ನಡೆಯದೆ 2020ರ ಜನವರಿಯಲ್ಲಿ ಸಂಸತ್ತು ಬಹುತೇಕ ಬರಿದಾಯಿತು. 2021ರ ಜುಲೈ 7ರಂದು ಅಧ್ಯಕ್ಷ ಜೋವೆನೆಲ್ ಮೊಯಿಸ್ ಅವರನ್ನು ಅವರ ಮನೆಯಲ್ಲೇ ಕೊಂದರು. 2023ರ ಜನವರಿಯಲ್ಲಿ ಉಳಿದಿದ್ದ ಹತ್ತು ಸೆನೆಟರುಗಳ ಅವಧಿಯೂ ಮುಗಿದು, ಇಡೀ ದೇಶದ ಮಟ್ಟದಲ್ಲಿ ಜನರಿಂದ ಆಯ್ಕೆಯಾದ ಒಬ್ಬರೂ ಅಧಿಕಾರದಲ್ಲಿ ಉಳಿಯಲಿಲ್ಲ. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದ್ದನ್ನು ಕಂಡ ನನಗೆ ಈ ಸಂಗತಿ ದೂರದ್ದೆನಿಸುವುದಿಲ್ಲ; ನಮ್ಮ ಮೇಲೆ ವಿಧಾನಸಭೆ, ನ್ಯಾಯಾಲಯಗಳ ಹೊದಿಕೆ ಇತ್ತು ಎಂಬುದೇ ವ್ಯತ್ಯಾಸ. 2024ರ ಆರಂಭದಲ್ಲಿ ಶಸ್ತ್ರಸಜ್ಜಿತ ಗುಂಪುಗಳು ಜೈಲುಗಳನ್ನು ಒಡೆದು ವಿಮಾನ ನಿಲ್ದಾಣವನ್ನೇ ನಿಲ್ಲಿಸಿದವು. ಪ್ರಧಾನಿ ಏರಿಯಲ್ ಹೆನ್ರಿ ಅವರು ರಾಜೀನಾಮೆ ಕೊಟ್ಟು, ಏಪ್ರಿಲ್‌ನಲ್ಲಿ ಒಂಬತ್ತು ಸದಸ್ಯರ ತಾತ್ಕಾಲಿಕ ಮಂಡಳಿ ಬಂತು. ಜೂನ್‌ನಲ್ಲಿ ಕೀನ್ಯಾ ದೇಶದ ಪೊಲೀಸರು ನೆರವಿಗೆ ಇಳಿದರು.

ಉತ್ತರ: ಮತ್ತೆ ಹರಿಹರದಿಂದ

ಮೂರನ್ನೂ ಹೆಣೆಯುವ ದಾರಿ ಕೇಳಿದ್ದಿರಿ, ಮೇಡಂ. ಇಡೀ ದೇಶದ ನಕ್ಷೆ ಬಿಟ್ಟು ಆರ್ಟಿಬೋನಿಟ್ ಕಣಿವೆಯೊಂದನ್ನೇ ಹಲಗೆಯ ಮೇಲೆ ಬರೆಯಿರಿ. ಮೇಲ್ಗಡೆ ಮಣ್ಣು ಕಳಚುತ್ತಿರುವ ಬೆಟ್ಟ, ನಡುವೆ ಹೂಳು ತುಂಬುವ ಪೆಲಿಗ್ರ್, ಕೆಳಗೆ ಭತ್ತದ ಗದ್ದೆ, ಸಮುದ್ರದ ಕಡೆಯಿಂದ ಮಯಾಮಿ ಅಕ್ಕಿ. 2024ರ ಅಕ್ಟೋಬರ್ 3ರಂದು ಅದೇ ಕಣಿವೆಯ ಪೊಂ-ಸೊಂದೆ ಎಂಬ ಊರಿಗೆ ಶಸ್ತ್ರಧಾರಿ ಗುಂಪು ನುಗ್ಗಿ ಕನಿಷ್ಠ ಎಪ್ಪತ್ತು ಜನರನ್ನು ಕೊಂದಿತು, ಸಾವಿರಾರು ಜನ ಮನೆ ಬಿಟ್ಟು ಓಡಿದರು. ಸುಂಕದ ಪೆಟ್ಟು ತಿಂದೂ ಗದ್ದೆ ಬಿಡದೆ ಉಳಿದಿದ್ದ ರೈತರಿಗೆ ಈಗ ನಾಟಿಗೆ ಹೋಗಲು, ಭತ್ತವನ್ನು ಪೇಟೆಗೆ ಸಾಗಿಸಲು ಈ ಗುಂಪುಗಳ ಭಯ.

ಪ್ರಶ್ನೆ ಕೇಳಿದವರಿಂದ

ಸೋಮವಾರದ ತರಗತಿಗೆ ಆ ಕಣಿವೆಯ ನಕ್ಷೆಯನ್ನೇ ಒಯ್ಯುತ್ತೇನೆ. ಪಕ್ಕದಲ್ಲಿ ಭದ್ರಾ ನಾಲೆಯ ನಕ್ಷೆಯನ್ನೂ ಹಾಕಿ, ಜಗಳೂರಿನ ಆ ಹುಡುಗಿಯನ್ನೇ ಕರೆದು ಎರಡರಲ್ಲೂ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಗುರುತಿಸಲು ಹೇಳುತ್ತೇನೆ.