ಅಪ್‌ಡೇಟ್: 33 ಇಂಚು, ಆಫ್‌ಸೆಟ್ 0

ಎರಡೂವರೆ ಇಂಚು ಲಿಫ್ಟ್ ಮಾಡಿದ (ಸಸ್ಪೆನ್ಷನ್ ಎತ್ತರಿಸಿದ) ಟ್ರಕ್‌ಗೆ 33 ಇಂಚಿನ ಟೈರೋ 35ರದ್ದೋ, ಆಫ್‌ಸೆಟ್ (ವೀಲ್‌ನ ನಡುಗೆರೆಗೂ ಅದು ಹಬ್‌ಗೆ ಕೂರುವ ಮುಖಕ್ಕೂ ಇರುವ ಅಂತರ, ಮಿ.ಮೀ.ಗಳಲ್ಲಿ) 0 ಸಾಕೋ ಮೈನಸ್ 12 ಬೇಕೋ ಅಂತ ಕೇಳಿದ್ದೆನಲ್ಲ, ಕೊನೆಗೆ 285/70 ಆರ್17 ಟೈರು (ಅಂದರೆ ಸುಮಾರು 33 ಇಂಚಿನದು), ಎಂಟೂವರೆ ಇಂಚಿನ ವೀಲ್, ಆಫ್‌ಸೆಟ್ 0 ಹಾಕಿಸಿದೆ.

ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜಾಕ್‌ನಿಂದ ಬಂಪ್‌ಸ್ಟಾಪ್‌ವರೆಗೂ (ಚಕ್ರ ಇನ್ನೂ ಮೇಲೇರದಂತೆ ತಡೆಯುವ ತುಂಡು) ಎತ್ತಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ನಿಂತಾಗ ಎಲ್ಲೂ ತಾಗದ ಟೈರು, ಮೇಲೆದ್ದಾಗ ಫೆಂಡರ್ ಲೈನರಿನ (ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಹಿಂಬದಿಯನ್ನು ಸವರಿತು. ಬಂಪ್‌ಸ್ಟಾಪ್ ಹಳೆಯದೇ ಇದ್ದರೆ, ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಲಿಫ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ! ಮೈನಸ್ 12 ಆಗಿದ್ದರೆ ಚಕ್ರ ಇನ್ನೂ 12 ಮಿ.ಮೀ. ಹೊರಗೆ ಬಂದು, ತಿರುಗುವಾಗ ಇನ್ನಷ್ಟು ಜಾಗ ಕೇಳುತ್ತಿತ್ತು. ಲೈನರನ್ನು ಹೀಟ್‌ಗನ್‌ನಲ್ಲಿ ಬಿಸಿ ಮಾಡಿ ಒತ್ತಿದ ಮೇಲೆ ಸದ್ದಿಲ್ಲ.

ಮೊದಲಿದ್ದದ್ದು ಇದಕ್ಕಿಂತ ಚಿಕ್ಕ 265/70 ಆರ್17. ಹಾಗಾಗಿ ಮೀಟರ್ 100 ತೋರಿಸಿದಾಗ ನಿಜವಾದ ವೇಗ ಅದಕ್ಕಿಂತ ಸುಮಾರು ಮೂರೂವರೆ ಶೇಕಡಾ ಜಾಸ್ತಿ. 35ರ ಆಸೆ ಸದ್ಯಕ್ಕೆ ಬದಿಗೆ. ಅದಕ್ಕೆ ಗೇರ್ ಅನುಪಾತವನ್ನೂ ಮುಟ್ಟಬೇಕಾದೀತು.