ಪದಚರ್ಚೆ: ಜಿಪಿಐಬಿ ಪ್ಯಾಕೇಜಿನ ವಿವರಣೆಗೆ ಚಾಲಕ, ನಿಯಂತ್ರಕ, ಕೇಳುಗ?

ಮಡಿಕೇರಿಯ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆಂದು ಲಿನಕ್ಸ್-ಜಿಪಿಐಬಿ ಲೈಬ್ರರಿಯ ಪ್ಯಾಕೇಜ್ (ಸುಲಭವಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವಂಥ ಕಟ್ಟು) ಮಾಡುತ್ತಿದ್ದೇನೆ. ಮಲ್ಟಿಮೀಟರ್, ಆಸಿಲೋಸ್ಕೋಪ್‌ಗಳನ್ನು ಕಂಪ್ಯೂಟರಿನಿಂದಲೇ ನಡೆಸುವ ಲೈಬ್ರರಿ ಇದು. ವಿವರಣೆಯನ್ನೂ ಎರರ್ ಸಂದೇಶಗಳನ್ನೂ ಕನ್ನಡದಲ್ಲಿ ಕೊಡೋಣ ಅಂತ ಕೂತೆ. ತೊಡಕು ಶುರುವಾಗಿದ್ದು ಅಲ್ಲೇ.

ಜಿಪಿಐಬಿ ಅಂದರೆ ಜನರಲ್ ಪರ್ಪಸ್ ಇಂಟರ್‌ಫೇಸ್ ಬಸ್, ಲ್ಯಾಬಿನ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ವ್ಯವಸ್ಥೆ. ಕೊನೆಯ ‘ಬಿ’, ಅಂದರೆ ಬಸ್, ಉಪಕರಣಗಳೆಲ್ಲ ಹಂಚಿಕೊಳ್ಳುವ ತಂತಿಗಳ ಸಾಲು. ಎಚ್‌ಪಿ ಕಂಪನಿಯವರು ರೂಪಿಸಿದ್ದು 1975ರಲ್ಲಿ ಐಟ್ರಿಪಲ್‌ಇ 488 ಸ್ಟ್ಯಾಂಡರ್ಡ್ ಆಯಿತು. ಒಂದು ಬಸ್ಸಿಗೆ ಕಂಪ್ಯೂಟರೂ ಸೇರಿ 15 ಉಪಕರಣ ಹಾಕಬಹುದು. ಈಗ ಉಪಕರಣ ನಡೆಸುವ ತಂತ್ರಾಂಶವಾದ ಡ್ರೈವರಿಗೆ ‘ಚಾಲಕ’, ಬಸ್ಸಿನಲ್ಲಿ ಯಾರು ಯಾವಾಗ ಮಾತಾಡಬೇಕು ಅಂತ ಹೇಳುವ ಕಂಟ್ರೋಲರಿಗೆ ‘ನಿಯಂತ್ರಕ’, ಪ್ಯಾಕೇಜ್ ಮ್ಯಾನೇಜರಿಗೆ ‘ನಿರ್ವಾಹಕ’ ಅಂತ ಹಾಕಿ ನೋಡಿ. ಮಡಿಕೇರಿ ಬಸ್ ಸ್ಟ್ಯಾಂಡಿನ ಸಿಬ್ಬಂದಿಯೆಲ್ಲ ಬಂದಾಯ್ತು, ಟಿಕೆಟ್ ಹರಿಯುವುದೊಂದೇ ಬಾಕಿ! ಡ್ರೈವರ್ ಅಂತಲೇ ಬಿಟ್ಟರೆ ‘ಬಸ್ ಡ್ರೈವರ್’ ಆಗುತ್ತದೆ, ಅದು ಇನ್ನೂ ಮೋಸ. ಹಾಗಾಗಿ ಹೆಸರನ್ನು ಬಿಡಿಸದೆ ‘ಜಿಪಿಐಬಿ ಡ್ರೈವರ್’ ಅಂತಲೇ ಬರೆದಿದ್ದೇನೆ. ನಿಯಂತ್ರಕ ಇರಲಿ, ತೊಂದರೆ ಇಲ್ಲ.

ನಿಜವಾಗಿ ಕಾಡುತ್ತಿರುವುದು ಟಾಕರ್ (ಮಾಹಿತಿ ಕಳಿಸುವ ಉಪಕರಣ), ಲಿಸನರ್ (ಅದನ್ನು ಪಡೆಯುವ ಉಪಕರಣ). ಬಸ್ಸಿನಲ್ಲಿ ಒಂದು ಹೊತ್ತಿಗೆ ಒಂದೇ ಟಾಕರ್, ಲಿಸನರ್ ಹಲವು ಇರಬಹುದು. ‘ಕೇಳುಗ’ ಅನ್ನುವುದು ಆಕಾಶವಾಣಿಯಿಂದ ಎಲ್ಲರಿಗೂ ಗೊತ್ತು. ಆದರೆ ಕ್ರಿಯಾಪದಕ್ಕೆ ಬಂದರೆ ಕಥೆ ಬೇರೆ. ಕಂಪ್ಯೂಟರ್ ‘*ಐಡಿಎನ್?’ ಅಂತ ಕಳಿಸುತ್ತದೆ, ಅಂದರೆ ‘ನೀನು ಯಾರು?’ ಮೀಟರ್ ಅದನ್ನು ಓದಿಕೊಂಡು ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ ನಾಲ್ಕನ್ನೂ ಕಾಮಾ ಹಾಕಿ ವಾಪಸ್ ಹೇಳುತ್ತದೆ. ಇದನ್ನು ಬರೆದರೆ ‘ಕಂಪ್ಯೂಟರ್ ಕೇಳುತ್ತದೆ, ಮೀಟರ್ ಕೇಳುತ್ತದೆ’! ಯಾರು ಪ್ರಶ್ನೆ ಹಾಕಿದರು, ಯಾರು ಕಿವಿಗೊಟ್ಟರು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ‘ಆಲಿಸು’ ಅಂದರೆ ಭಾವಗೀತೆ ಥರ ಇದೆ. ‘ವಿಚಾರಿಸು’ ಅಂದರೆ ಮೀಟರಿನ ಯೋಗಕ್ಷೇಮ ಕೇಳಿದ ಹಾಗೆ.

ಇದಕ್ಕಿಂತ ತಮಾಷೆ ಇಎನ್ಓಎಲ್ ಅನ್ನುವ ಎರರ್. ಕಳಿಸಿದ ಆಜ್ಞೆಯನ್ನು ಪಡೆಯಲು ಬಸ್ಸಿನಲ್ಲಿ ಲಿಸನರ್ ಯಾವುದೂ ಇಲ್ಲ ಅಂತ ಅರ್ಥ. ಮೀಟರ್ ಆಫ್ ಆಗಿದ್ದರೆ, ವಿಳಾಸದ ನಂಬರ್ ತಪ್ಪಿದ್ದರೆ ಬರುತ್ತದೆ. ನೇರವಾಗಿ ‘ಕೇಳುವವರು ಯಾರೂ ಇಲ್ಲ’ ಅಂತ ಹಾಕಿದರೆ ಲ್ಯಾಬಿನ ಹುಡುಗರು ‘ನಮ್ಮನ್ನೂ ಯಾರೂ ಕೇಳಲ್ಲ ಬಿಡಿ ಸಾರ್’ ಅಂತಾರೆ. ಸದ್ಯಕ್ಕೆ ‘ಆಜ್ಞೆ ಪಡೆಯಲು ಯಾವ ಉಪಕರಣವೂ ಸಿಗಲಿಲ್ಲ’ ಅಂತ ಬರೆದಿದ್ದೇನೆ. ಅರ್ಥ ಸರಿಯಾಗಿದೆ, ಸ್ವಲ್ಪ ಉದ್ದವಾಯಿತು ಅಲ್ವಾ?

ಹಾಗಾದರೆ ಲಿಸನರಿಗೆ ‘ಕೇಳುಗ’ ಬಿಟ್ಟು ‘ಪಡೆಯುಗ’ ಅನ್ನಬಹುದಾ? ಟಾಕರಿಗೆ ‘ಹೇಳುಗ’ ಕಿವಿಗೆ ಒಗ್ಗುತ್ತದಾ, ಅಥವಾ ಟಾಕರ್ ಅಂತಲೇ ಬಿಡುವುದು ವಾಸಿಯಾ? ಲ್ಯಾಬಿನಲ್ಲಿ ಕೆಲಸ ಮಾಡುವವರು ಬಾಯಲ್ಲಿ ಏನು ಹೇಳುತ್ತೀರೋ ಅದನ್ನೇ ತಿಳಿಸಿ.